ಮಾಳಿಗೆ ಮನೆಯವರ ಅಂತರಿಕ್ಷದ ಹಡಗು

“ಅಮ್ಮಾ, ಈ ಅಂತರಿಕ್ಷದ ಹಡಗಿನ ಧಾರಾವಾಹಿ ಒಂದೇ. ಆದ್ರೆ ಟೇಪಲ್ಲಿ ಅಂತರಿಕ್ಷ ನೀಲಿ, ಹಳೇ ಡಿಸ್ಕಲ್ಲಿ ಹಸಿರು, ಹೊಸ ಡಿಸ್ಕಲ್ಲಿ ಕಪ್ಪು. ಯಾವುದನ್ನ ನಂಬೋದು, ನೀವೇ ಹೇಳಿ.” ನಮ್ಮ ಮಾಳಿಗೆ ಮನೆಯ ಬಾಡಿಗೆದಾರರು ನನ್ನನ್ನಷ್ಟೇ ಅಲ್ಲ, ಹಾಲಿನವನನ್ನು ನಿಲ್ಲಿಸಿಕೊಂಡೂ ಇದನ್ನೇ ಕೇಳುವವರು. ಮನೆ ನೋಡಲು ಬಂದ ದಿನ ನೀರಿನ ಮಾತೆತ್ತಲಿಲ್ಲ, ಟಿವಿ ಇಡುವ ಗೋಡೆಗೆ ಬಿಸಿಲು ಬೀಳುತ್ತದೆಯೇ ಎಂದರು. ಒಂದೇ ಕಂತನ್ನು ಮೂರರಲ್ಲೂ ನೋಡದೆ ಅವರಿಗೆ ಊಟ ಸೇರದು. ಕಣ್ಣಿಗೆ ಪೊರೆ ಬಂದ ಮೇಲೆ ಮೂರೂ ಒಂದೇ ಥರ ಮಸುಕಾಗಿ, ಮನುಷ್ಯ ಮಾತನ್ನೇ ಬಿಟ್ಟಿದ್ದರು. ಆಪರೇಷನ್ನಿನ ಪಟ್ಟಿ ಬಿಚ್ಚಿದ ದಿನ ನನ್ನನ್ನು ಕೂರಿಸಿಕೊಂಡು ಹಳೇ ಡಿಸ್ಕ್ ಹಾಕಿದರು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಾಗಿದರು. ಆಮೇಲೆ ಮೆಲ್ಲಗೆ, “ಶೂಟಿಂಗಲ್ಲಿ ಆಟಿಕೆ ಹಡಗನ್ನ ನೇತುಹಾಕಿರೋ ದಾರ ಕಾಣ್ತಿದೆ ಅಮ್ಮಾ. ಹೊಸದರಲ್ಲಿ ಅಳಿಸಿಬಿಟ್ಟಿದಾರೆ, ಅವಿವೇಕಿಗಳು” ಎಂದರು. ಆ ಬೈಗುಳ ಕೇಳಿ ನನ್ನ ಜೀವ ತಂಪಾಯಿತು. “ಕಣ್ಣು ಉಜ್ಜಬೇಡಿ” ಎಂದು ಗದರಿ, ಒಣಗಿದ ಬಟ್ಟೆ ಮಡಚುತ್ತ ಕೂತೆ.