ಹೊತ್ತು ಮುಳುಗುವ ಮುಂಚಿನ ಊಟ

ಗಂಡ ತೀರಿಕೊಂಡ ಮೇಲೆ ನನ್ನ ನಾದಿನಿ ಚಿಕ್ಕೋಡಿಯ ನಮ್ಮ ಮನೆಗೆ ಮರಳಿ ಬಂದಳು. ತೊಂಬತ್ತರ ದಶಕದ ಕೊನೆಯಲ್ಲಿ ದೇವರು ಅವಳಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ಕೆಲಸ ಕೊಡಿಸಿದ. ನಾಳೆ ಯಾರ ಹೊಲದ ಕಬ್ಬು ಕಡಿಯಬೇಕೆಂಬ ಸರದಿ ಪಟ್ಟಿ ಅವಳ ಕೈಯಲ್ಲಿತ್ತು. ಆ ಪಟ್ಟಿಗೆ ಕಾರ್ಖಾನೆಯವರು ಟೇಬಲ್ ಎನ್ನುತ್ತಿದ್ದರು. ಸುತ್ತಲಿನ ಊರುಗಳ ಸಾವಿರಾರು ಸಾಲುಗಳನ್ನು ದಿನವೂ ಸಂಜೆ ಖಾಲಿ ಮಾಡಿ ಹೊಸದಾಗಿ ತುಂಬಬೇಕು. ಖಾಲಿಯಾಗುವುದಕ್ಕೇ ಒಂದೂವರೆ ತಾಸು.

ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಕತ್ತಲಾದ ಮೇಲೆ ಬರುತ್ತಿದ್ದ ಅವಳು ನೀರನ್ನೂ ಮುಟ್ಟದೆ ಮಲಗುತ್ತಿದ್ದಳು.

"ದಿನಾ ಉಪಾಸ ಮಲಗತಿ. ಈ ತಿಂಗಳ ಮುಗಿಸಿ ನೌಕರಿ ಬಿಟ್ಟಬಿಡು" ಎಂದರು ಅತ್ತೆ.

"ಬಿಟ್ಟು ಏನ್ ಮಾಡ್ಲಿಬೇ, ನಿನ್ನ ಮಾರಿ ನೋಡ್ಕೋತ ಕುಂದರ್ಲೇನು?" ಎಂದಳು ಮಗಳು.

ಆ ಪಟ್ಟಿ ನಡೆಸುವ ಕಂಪ್ಯೂಟರ್ ಪ್ರೋಗ್ರಾಂ ಬರೆದವರು ಮೈಸೂರು ಕಡೆಯ ಎಂಜಿನಿಯರು, ಇರುತ್ತಿದ್ದುದು ಕೊಲ್ಹಾಪುರದಲ್ಲಿ. ತಡವಾಗುತ್ತದೆಂದು ಇವಳು ಎಷ್ಟು ಹೇಳಿದರೂ ಅವರು ಬಂದಿರಲಿಲ್ಲ. ಒಂದು ರವಿವಾರ ಬಸದಿಗೆ ಹೊರಟವಳು ನನ್ನನ್ನು ಕರೆದು, "ವೈನಿ, ಅವ್ರ ಫೋನ್ ಬಂದ್ರ ನಿನ್ನೆ ಟೇಬಲ್ ಖಾಲಿ ಆತು, ಆದ್ರ ಹೊತ್ತು ಭಾಳ ಹಿಡೀತು ಅಂತ ಹೇಳ್ರಿ" ಎಂದಳು.

ಫೋನು ಬಂತು. "ಟೇಬಲ್ ಖಾಲಿ ಆಯ್ತಾ ಅಮ್ಮಾ?"

ನಮ್ಮ ಮನೆಯಲ್ಲಿ 'ಖಾಲಿ' ಎಂದು ಬಾಯಿಬಿಟ್ಟು ಅನ್ನುವುದಿಲ್ಲ, ಅಪಶಕುನ. ಅಕ್ಕಿ ತೀರಿದರೂ 'ಹೆಚ್ಚಾತು', ಬಳೆ ಒಡೆದರೂ 'ಹೆಚ್ಚಾತು'. ನನ್ನ ಬಾಯಿಗೆ ರೂಢಿಯ ಮಾತೇ ಬಂತು: "ಹೆಚ್ಚಾತ್ರಿ."

"ಹೆಚ್ಚಾಯ್ತಾ? ಖಾಲಿ ಮಾಡಿದ ಮೇಲೂ?"

"ಹೌದ್ರಿ, ಪೂರಾ ಹೆಚ್ಚಾತ್ರಿ."

ಪಟ್ಟಿ ಬೆಳೆಯುತ್ತಿದೆ ಎಂದು ಗಾಬರಿಯಾಗಿ ಮರುದಿನವೇ ಅವರು ಕಾರ್ಖಾನೆಗೆ ಬಂದರು. ನಾದಿನಿಯ ಪಕ್ಕ ಒಂದೂವರೆ ತಾಸು ಕುಳಿತು, ಅವಳ ಕಷ್ಟ ಕಣ್ಣಾರೆ ಕಂಡರು. ಕತ್ತಲಾದ ಮೇಲೆ ಅವಳ ಜೊತೆ ಮನೆಗೂ ಬಂದು ಅತ್ತೆಗೆ ಬಿಡಿಸಿ ಹೇಳಿದರು: "ಕಂಪ್ಯೂಟರ್ ಒಂದೊಂದೇ ಸಾಲು ಅಳಿಸುತ್ತಮ್ಮಾ. ಅಳಿಸಿದ್ದನ್ನ ಇನ್ನೊಂದು ಕಡೆ ಬರೆದಿಡುತ್ತೆ, ಮಧ್ಯದಲ್ಲಿ ಬೇಡ ಅಂದ್ರೆ ವಾಪಸ್ ತರೋಕೆ."

"ಬುಟ್ಟಿ ಬೋರಲ ಹಾಕೂದು ಬಿಟ್ಟು ಒಂದೊಂದ ಕಾಳು ಆರಿಸಿ, ಬರಕೋತ ಕುಂತೈತೇನ್ರಿ? ನಿಮ್ಮ ಮಷೀನು ನಮ್ಮ ಸೊಸಿಗಿಂತ ನಿಧಾನ ಐತಿ ಬಿಡ್ರಿ."

ಎಂಜಿನಿಯರು ನಕ್ಕುಬಿಟ್ಟರು. ನಾನೂ ನಕ್ಕೆ, ಇನ್ನೇನು ಮಾಡಲಿ.

ಮರುದಿನ ಅವರು ಕಂಪ್ಯೂಟರಿಗೆ ಕೊಡುವ ಆಜ್ಞೆಯನ್ನೇ ಬದಲಿಸಿದರು. ಪಟ್ಟಿಯ ತಲೆಬರಹ ಹಾಗೇ ಉಳಿದು, ಕೆಳಗಿನ ಸಾಲುಗಳೆಲ್ಲ ಎಣಿಕೆಯಿಲ್ಲದೆ ಒಮ್ಮೆಲೇ ಹೋಗುವ ಹಾಗೆ. ಹೋದದ್ದು ತಿರುಗಿ ಬಾರದು, ಮೊದಲು ನಕಲು ತೆಗೆದಿಡಿ ಎಂದು ಎಚ್ಚರಿಸಿದರು. ನಾದಿನಿ ನಕಲನ್ನು ಎರಡು ಸಲ ನೋಡಿ, ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳಿಕೊಂಡು ಗುಂಡಿ ಒತ್ತಿದಳಂತೆ. ಕೈ ತೆಗೆಯುವುದರೊಳಗೆ ಟೇಬಲ್ ಬರಿದು.

ಆ ಸಂಜೆ ಅವಳು ಬಾಗಿಲಿಗೆ ಬಂದಾಗ ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಬಾಯಿತಪ್ಪಿ ಬಂದ ನನ್ನ ಮಾತನ್ನೂ ದೇವರು ಒಳ್ಳೆಯದಕ್ಕೇ ಹಚ್ಚಿದ ಎಂದು ಕೈಮುಗಿದೆ. ಅತ್ತೆ ನೌಕರಿ ಬಿಡುವ ಮಾತೆತ್ತಲಿಲ್ಲ. "ಜಲ್ದಿ ಕೈ ತೊಳಕೋ" ಎಂದು ತಾಟು ಇಟ್ಟರು. ಅವಳು ಎರಡನೆಯ ರೊಟ್ಟಿಯನ್ನೂ ಕೇಳಿದಳು. ಬಡಿದು ಹಾಕುವಷ್ಟು ಹೊತ್ತು ಇನ್ನೂ ಇತ್ತು.