ಕೈಗಳ ಮೇಲೆ ಕೂತ ಧರ್ಮಪಾಲ

ಧರ್ಮಪಾಲನ ಕೈ ಸುಮ್ಮನಿದ್ದದ್ದನ್ನು ನಾನು ಕಂಡದ್ದು ಕಡಿಮೆ. ನಾಪೋಕ್ಲಿನಲ್ಲಿ ಅವನಿಗೆ ಪಂಪ್‌ಸೆಟ್ ರಿಪೇರಿಯ ಅಂಗಡಿ. ಮದುವೆ, ಸಾವು ಎಂದು ಕರೆ ಬಂದಾಗ ನಮ್ಮ ವಾಲಗದ ತಂಡದಲ್ಲಿ ಅವನು ಡೋಲು, ನಾನು ತಾಳ. ಚಹಾ ಬರುವವರೆಗೆ ಮೇಜು ಬಡಿಯುತ್ತಿದ್ದ. ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಬಡಿದು ಬೈಸಿಕೊಳ್ಳುತ್ತಿದ್ದ.

ಒಂದು ಬಡಿತವನ್ನು ಮಾತ್ರ ಅವನು ಎಲ್ಲೆಂದರಲ್ಲಿ ಬಡಿದವನಲ್ಲ. ಅದು ಸಾವಿನ ಮನೆಯದು. ಮದುವೆಯ ಬಡಿತ ಕುಣಿಯುವವರ ಕಾಲನ್ನು ಬಿಡದೆ ಓಡುತ್ತದೆ. ಸಾವಿನದು ಎರಡು ಪೆಟ್ಟು ಬಿದ್ದು ನಿಲ್ಲುತ್ತದೆ. ಆ ಖಾಲಿಯಲ್ಲಿ ಮನೆಯವರ ಅಳು ಕೇಳಿಸುತ್ತದೆ. ಮತ್ತೆ ಒಂದು ಪೆಟ್ಟು. ನಮ್ಮ ತಂಡದಲ್ಲಿ ಅದನ್ನು ಕಲಿಯುವುದಕ್ಕಾಗಿಯೂ ಮನೆಯೊಳಗೆ ಬಾರಿಸುವಂತಿಲ್ಲ. ಹೆಣ ಅಂಗಳದಲ್ಲಿರುವಾಗ ಅಲ್ಲೇ ನಿಂತು ಕಲಿಯಬೇಕು. ಜೀವ ಇರುವ ಕಡೆ ಬಡಿದರೆ ಸಾವನ್ನು ಕರೆದ ಹಾಗೆ ಎಂದು ಹಿರಿಯರು ಹೇಳಿಕೊಟ್ಟದ್ದು. ಪುಸ್ತಕ ಓದುವ ನಾನು ನಂಬುತ್ತಿರಲಿಲ್ಲ. ಬಡಿಯುತ್ತಲೂ ಇರಲಿಲ್ಲ.

ಅವನ ಹೆಂಡತಿ ಯಮುನ ಕಣದಲ್ಲಿ ಕಾಫಿ ಹರಡುತ್ತಿದ್ದವಳು ಉಸಿರು ಸಿಗದೆ ಅಲ್ಲೇ ಕೂತಳು. ಹೃದಯದ ಕವಾಟ ಕೆಟ್ಟಿದೆ, ಎದೆ ತೆರೆದೇ ಬದಲಿಸಬೇಕು ಎಂದರು ಮೈಸೂರಿನ ಡಾಕ್ಟರು. ಅವತ್ತಿನಿಂದ ಧರ್ಮಪಾಲ ಸಾವಿನ ಮನೆಗೆ ಬಾರಿಸಲು ಬರುವುದನ್ನು ಬಿಟ್ಟ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಆಕಾಶಕ್ಕೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಆ ಸದ್ದು ಕೇಳಿದ ಕೂಡಲೇ ಅವನು ಫೋನು ಆಫ್ ಮಾಡಿ, ಬಿಚ್ಚಿಟ್ಟ ಪಂಪಿನ ಮೇಲೆ ಬಗ್ಗಿಬಿಡುತ್ತಿದ್ದ.

ಆಪರೇಷನ್ನಿನ ದಿನ ಅವನ ಜೊತೆ ನಾನಿದ್ದೆ. ಯಮುನಳನ್ನು ತಳ್ಳಿಕೊಂಡು ಹೋಗುವಾಗ ಅವಳು ಅವನನ್ನು ನೋಡಿ, "ಮೋರೆ ಹಾಗೆ ಮಾಡ್ಬೇಡಿ. ರೋಗಿ ನೀವೇ ಅಂತ ಒಳಗೆ ಎಳ್ಕೊಂಡು ಹೋದಾರು" ಎಂದಳು. ಆಮೇಲೆ ನನಗೆ, "ಮನು ಅಣ್ಣ, ಇವ್ರಿಗೆ ಏನಾದ್ರೂ ತಿನ್ಸಿ. ನನ್ನ ಜೊತೆ ಇವ್ರೂ ಉಪವಾಸ."

ಅವನು ಏನೂ ತಿನ್ನಲಿಲ್ಲ. ಹೊರಗೆ ಸ್ಟೀಲಿನ ಕುರ್ಚಿಗಳಲ್ಲಿ ಕೂತೆವು. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಏಳುತ್ತಿದ್ದೆವು. ಬೇರೆ ಯಾರನ್ನೋ ಕರೆಯುತ್ತಿದ್ದರು. ಒಮ್ಮೆ ಒಂದು ಮನೆಯವರನ್ನು ಒಳಗೆ ಕರೆದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಹೆಂಗಸೊಬ್ಬಳ ಚೀರು ಕೇಳಿತು.

ಆಗ ನನಗೆ ಆ ಸದ್ದು ಕೇಳಿತು. ಎರಡು ಪೆಟ್ಟು, ಖಾಲಿ, ಒಂದು ಪೆಟ್ಟು. ಕುರ್ಚಿಯ ಕೈಯ ಮೇಲೆ ಅವನ ಬೆರಳು ಆಡುತ್ತಿತ್ತು. ಕಣ್ಣು ಬಾಗಿಲ ಮೇಲಿತ್ತು.

ನಾನು ಅವನ ಮಣಿಕಟ್ಟು ಹಿಡಿದೆ. ಅವನು ತನ್ನ ಕೈಯನ್ನು ಬೇರೆ ಯಾರದೋ ಎಂಬ ಹಾಗೆ ನೋಡಿದ.

"ಎಷ್ಟು ಹೊತ್ತಿಂದ?"

"ಈಗಷ್ಟೇ" ಎಂದೆ. ನನಗೆ ಗೊತ್ತಿರಲಿಲ್ಲ.

"ಒಳಗೆ ಕೇಳಿರುತ್ತಾ?"

"ಎಂತ ಮಾತು ಮಾರಾಯ! ನಡುವೆ ಎರಡು ಬಾಗಿಲು ಉಂಟು."

"ಅವಳ ಎದೆ ತೆರೆದಿಟ್ಟಿದ್ದಾರಲ್ಲೋ..."

ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೆ ಕೂತ. ನೀರು ಬೇಕಾ ಎಂದರೆ ತಲೆ ಆಡಿಸಿದ, ಕೈ ತೆಗೆಯಲಿಲ್ಲ. ಡಾಕ್ಟರು ಹೊರಗೆ ಬಂದು, ಹೃದಯ ಮತ್ತೆ ಚೆನ್ನಾಗಿ ಹೊಡೆದುಕೊಳ್ಳುತ್ತಿದೆ ಎಂದಾಗ ಕೈ ಮುಗಿಯಲು ಹೋದ. ಬೆರಳು ಜೋಮು ಹಿಡಿದು ಮಡಚಿಕೊಂಡೇ ಇತ್ತು.

"ಅವಳಿಗೆ ಹೇಳ್ಬೇಡ" ಎಂದು ನನ್ನಿಂದ ಆಣೆ ಹಾಕಿಸಿಕೊಂಡ. ವಾರ್ಡಿನಲ್ಲಿ ಅವಳ ಮುಂದೆ ಪ್ಯಾಂಟಿನ ಜೇಬಿನಲ್ಲಿ ಕೈ ಇಟ್ಟುಕೊಂಡೇ ನಿಂತ. ಅವಳು ಕುಗ್ಗಿದ ದನಿಯಲ್ಲಿ ಕೇಳಿದಳು: "ಎಂತ, ಏನಾದ್ರೂ ಕದ್ದಿದ್ದೀರಾ?"

ಹೊಸ ಕವಾಟ ಲೋಹದ್ದು. ಹತ್ತಿರ ಕೂತರೆ ಅದರ ಟಿಕ್ ಟಿಕ್ ನಮಗೂ ಕೇಳುತ್ತಿತ್ತು. ಧರ್ಮಪಾಲನ ಹೆದರಿಕೆ ಅದರೊಳಗೆ ಹೋಗಿ ಸೇರಿಕೊಂಡಿತು. ಮಾತಿನ ನಡುವೆ ತಟ್ಟನೆ ಸುಮ್ಮನಾಗಿ ಕಿವಿಗೊಡುತ್ತಿದ್ದ. ಖಾಲಿ ಬಂತಾ, ಬರಲಿಲ್ಲವಾ ಎಂದು ಎಣಿಸುತ್ತಿದ್ದ. ಅವಳು ಅಡುಗೆಮನೆಯಲ್ಲಿ ಸದ್ದಿಲ್ಲದೆ ನಿಂತರೆ ಎದ್ದು ಹೋಗಿ ನೋಡಿ ಬರುತ್ತಿದ್ದ. ಮೇಜು, ಕಂಬಿ ಬಡಿಯುವುದು ನಿಂತೇ ಹೋಯಿತು. ಡೋಲು ಹಿಡಿದರೆ ಮದುವೆಗೆ ಮಾತ್ರ.

ಯಮುನಳ ಎದೆಗೇ ಕಿವಿಗೊಟ್ಟಿದ್ದ ಆ ಮನೆಯಲ್ಲಿ ಅವನ ಎದೆಯ ಬಗ್ಗೆ ಯಾರೂ ಕೇಳಲಿಲ್ಲ. ಈ ಏಪ್ರಿಲ್‌ನಲ್ಲಿ, ಶ್ರೀಮಂಗಲದ ಮದುವೆಯೊಂದರಲ್ಲಿ, ಬೆನ್ನು ನೋವು ಎಂದು ಡೋಲು ಕೆಳಗಿಟ್ಟು ಕೂತವನು ಏಳಲಿಲ್ಲ.

ಮಾರನೆಯ ದಿನ ಅವನ ಅಂಗಳದಲ್ಲಿ ನಾವೆಲ್ಲ ನಿಂತೆವು. ಡೋಲನ್ನು ಯಾರೂ ಮುಟ್ಟಲಿಲ್ಲ. ಕಡೆಗೆ ನಾನೇ ಹೆಗಲಿಗೆ ಹಾಕಿಕೊಂಡೆ. ಕೋಲು ಎತ್ತಿದರೆ ಕೈ ಕೆಳಗಿಳಿಯಲಿಲ್ಲ. ಅವನ ತಲೆಯ ಹತ್ತಿರ ಯಮುನ ಕೂತಿದ್ದಳು, ಎದೆಯಲ್ಲಿ ಆ ಕವಾಟ ಇಟ್ಟುಕೊಂಡು.

"ಡೋಲು ಬೇಡ. ಬರೀ ಊದೋಣ" ಎಂದೆ.

ಯಮುನ ಎದ್ದು ಬಂದಳು. "ಕುರ್ಚಿ ವಿಷಯ ನಂಗೆ ಗೊತ್ತುಂಟು ಮನು ಅಣ್ಣ. ಮನೆಗೆ ಬಂದ ವಾರದಲ್ಲೇ ಅತ್ಕೊಂಡು ಹೇಳಿದ್ರು. ನಿಮ್ಗೆ ಹೇಳ್ಬಾರ್ದು ಅಂತ ನನ್ ಕೈಲೂ ಆಣೆ ಹಾಕ್ಸಿದ್ರು." ಸೆರಗಿನಿಂದ ಮುಖ ಒರೆಸಿಕೊಂಡಳು. "ಅವ್ರು ಹೆದ್ರಿದ್ದು ನಂಗೋಸ್ಕರ. ನಾನು ಇಲ್ಲೇ ಇದ್ದೇನಲ್ಲ. ಬಾರ್ಸದೆ ಕಳಿಸ್ಬೇಡಿ ಅವ್ರನ್ನ."

ಎರಡು ಪೆಟ್ಟು ಹಾಕಿದೆ. ಖಾಲಿಯಲ್ಲಿ ಅವಳ ಕಡೆಗೆ ಕಿವಿಗೊಟ್ಟೆ. ಆಮೇಲೆ ಮೂರನೆಯದು.