ಕೆಂಪು ಹಾಳೆ ನುಂಗಿದ ಕುಂಕುಮ

ಚಾಂದ್‌ಬೀ ಜಿಲಾನಿಸಾಬನನ್ನು ಮೊದಲ ಸಲ ನೋಡಿದ್ದು ಲಿಂಗಸುಗೂರಿನ ತವರುಮನೆಯಲ್ಲಿ, ಅಕ್ಕ ರಹೀಮಾಬೀಯ ಮದುವೆಯ ದಿನ. 1983ರ ಬೇಸಿಗೆ. ಅವಳು ಅಡುಗೆಮನೆಯ ಹಿಂಬಾಗಿಲಲ್ಲಿ ಕುಳಿತು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ತೋಳು ಮಡಚಿದ ಬಿಳಿ ಅಂಗಿಯ ತೆಳ್ಳನೆಯ ಯುವಕನೊಬ್ಬ ಬಂದು ನಿಂತ. ಕೊರಳಲ್ಲಿ ಕ್ಯಾಮೆರಾ ತೂಗುತ್ತಿತ್ತು. ಅದರ ಪಟ್ಟಿ ಹರಿದ ಜಾಗಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದ. ನಿಂತಲ್ಲೇ ಅವನ ಬಲಗಾಲು ನೆಲ ಕುಟ್ಟುತ್ತಿತ್ತು. ಚಾ ಸೋಸುವ ಜಾಳಿಗೆ ಇದೆಯೇ ಎಂದು ಕೇಳಿದ.

ಚಾ ಬೇಕಾಗಿದೆ ಎಂದುಕೊಂಡ ಚಾಂದ್‌ಬೀ ಕೈ ತೊಳೆದು, ಚಾ ಕಾಸಿ, ಜಾಳಿಗೆಯ ಜೊತೆಗೇ ಕಪ್ಪನ್ನೂ ತಂದು ಕೊಟ್ಟಳು. ಅವನು ಕಪ್ಪನ್ನು ಹೊಸ್ತಿಲ ಮೇಲಿಟ್ಟು ಮರೆತ. ಜಾಳಿಗೆಯನ್ನು ಅಂಗಿಯ ತುದಿಯಿಂದ ಒರೆಸುತ್ತ ಒಳಗೆ ಹೋದ. ಅವಳು ಪರದೆಯ ಸಂದಿಯಿಂದ ಇಣುಕಿದಳು. ಅಕ್ಕನ ತಲೆಯ ಹಿಂದೆ ದೊಡ್ಡ ಬಲ್ಬು ಉರಿಯುತ್ತಿತ್ತು. ಅವನು ಕ್ಯಾಮೆರಾದ ಕಣ್ಣಿಗೆ ಜಾಳಿಗೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ ಬಾಗಿದ್ದ. ಕಾಕಾ ಹಸನ್‌ಸಾಬ್ ಸುಮ್ಮನಿರಲಿಲ್ಲ.

"ಏನಲೇ, ಮದುಮಗಳನ್ನ ಸೋಸಿ ಕೊಡ್ತೀಯೇನು?"

ಮನೆಯೆಲ್ಲ ನಕ್ಕಿತು. ಆದರೆ ಫೋಟೋ ಬಂದಾಗ ಬಲ್ಬಿನ ಬೆಳಕು ಅಕ್ಕನ ತಲೆಯ ಹಿಂದೆ ನಾಲ್ಕು ದಿಕ್ಕಿಗೂ ಚಾಚಿ ನಕ್ಷತ್ರದಂತೆ ಹೊಳೆಯುತ್ತಿತ್ತು. ಜಾಳಿಗೆ ಮಾತ್ರ ವಾಪಸು ಬರಲಿಲ್ಲ. ಮಳೆಗಾಲ ಮುಗಿದ ಮೇಲೆ ಅವನ ತಾಯಿ ಇಮಾಮ್‌ಬೀ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ಅದನ್ನು ಕೊಟ್ಟು, ಹೆಣ್ಣು ಕೇಳಿದರು.

ಹೀಗೆ ಚಾಂದ್‌ಬೀ ಮಸ್ಕಿಗೆ ಬಂದಳು. ಬಸ್ ನಿಲ್ದಾಣದ ಹತ್ತಿರ ಗಂಡನ ಸ್ಟುಡಿಯೋ, ಅದರ ಹಿಂದೆಯೇ ಮನೆ. ಜಿಲಾನಿಸಾಬನಿಗೆ ಯಾವ ವಸ್ತುವೂ ಇದ್ದಲ್ಲಿ ಇರಕೂಡದು. ಗಾಜಿನ ಲೋಟ ಸಿಕ್ಕರೆ ಅದರ ತಳದಿಂದ ಗೋಡೆ ನೋಡುವನು. ಅವಳ ನೈಲಾನ್ ಓಢಣಿಯ ಸೆರಗು ಕತ್ತರಿಸಿ ಕ್ಯಾಮೆರಾಕ್ಕೆ ಕಟ್ಟಿದ, ಮುಖಗಳು ಮಂಜಿನಲ್ಲಿ ಅದ್ದಿದಂತೆ ಮೆತ್ತಗಾದವು. ಗಾಜಿನ ಚೂರಿಗೆ ತಲೆಗೆಣ್ಣೆ ಸವರಿ ತೆಗೆದ, ಅಂಚೆಲ್ಲ ಕರಗಿತು. ಬಾಚಣಿಗೆ, ಸೊಳ್ಳೆಪರದೆ ಒಂದನ್ನೂ ಬಿಡಲಿಲ್ಲ. ಅಡುಗೆಮನೆಯಲ್ಲಿ ಏನಾದರೂ ಕಾಣದಿದ್ದರೆ ಚಾಂದ್‌ಬೀ ನೇರ ಸ್ಟುಡಿಯೋಕ್ಕೆ ಹೋಗಿ ಹುಡುಕುವಳು. ರೊಟ್ಟಿ ಹಂಚಾದರೂ ಮನೆಯಲ್ಲಿದೆಯೋ, ಅದೂ ಫೋಟೋ ಹೊಡೆಯಲು ಹೋಗಿದೆಯೋ ಎಂದು ಓಣಿಯ ಹೆಂಗಸರು ಕಾಡಿಸುತ್ತಿದ್ದರು.

ಅವನನ್ನು ಬಹಳ ಕಾಡಿದ್ದು ಮೋಡ. ಮಸ್ಕಿಯ ಗುಡ್ಡದ ಮೇಲೆ ಎಂಥ ಮೋಡ ಕಟ್ಟಿದರೂ ಕಪ್ಪು-ಬಿಳುಪು ಫೋಟೋದಲ್ಲಿ ಆಕಾಶ ಒಗೆದ ಧೋತರದಂತೆ ಬೋಳಾಗಿ ಬರುತ್ತಿತ್ತು. ಊಟದ ನಡುವೆ ಎದ್ದು ಅಂಗಳಕ್ಕೆ ಹೋಗಿ ಮೇಲೆ ನೋಡುವನು, ಬಂದು ಎರಡು ತುತ್ತು ಉಣ್ಣುವನು, ಮತ್ತೆ ಏಳುವನು. ಕ್ಯಾಮೆರಾದ ಕಣ್ಣಿಗೆ ತೆಳ್ಳನೆಯ ಹಳದಿ ಪಾರದರ್ಶಕ ಹಾಳೆ ಹಿಡಿದಾಗ ಮೋಡ ಇಷ್ಟೇ ಇಷ್ಟು ಮೂಡಿತು. 1988ರ ಶ್ರಾವಣದಲ್ಲಿ ರಹೀಮಾಬೀ ಸಿಂಧನೂರಿನಿಂದ ಮಿಠಾಯಿ ಡಬ್ಬಿ ಕಳಿಸಿದಳು. ಅದಕ್ಕೆ ಸುತ್ತಿದ ತೆಳ್ಳನೆಯ ಕೆಂಪು ಜಿಲೇಟಿನ್ ಹಾಳೆಯನ್ನು ಅವನು ಮಿಠಾಯಿಗಿಂತ ಮೊದಲೇ ಎತ್ತಿಕೊಂಡ.

ಅದೇ ವಾರ ಸಂತೆಕಲ್ಲೂರಿನ ದ್ಯಾವಪ್ಪ ಹೆಂಡತಿ ಗದ್ದೆಮ್ಮನೊಡನೆ ಬಂದ. ಹಟ್ಟಿಯ ಚಿನ್ನದ ಗಣಿಯಲ್ಲಿ ಅವನಿಗೆ ಕೆಲಸ, ಪಾಳಿಯ ಮೇಲೆ ಭೂಮಿಯೊಳಗೆ ಇಳಿಯುವವನು. ಕಂಪನಿ ಮನೆ ಕೊಟ್ಟಿತ್ತು. ಮದುವೆಯಾದಂದಿನಿಂದ ಅತ್ತೆಯ ಹತ್ತಿರವೇ ಉಳಿದಿದ್ದ ಗದ್ದೆಮ್ಮ ಇನ್ನು ಗಂಡನ ಜೊತೆ ಇರಬಹುದು. ಹೊಸ ಮನೆಯ ಗೋಡೆಗೆ ಜೋಡಿಯ ಒಂದು ಫೋಟೋ ಬೇಕಾಗಿತ್ತು. ಜಿಲಾನಿಸಾಬ್ ಅವರನ್ನು ಗುಡ್ಡದ ಬುಡಕ್ಕೆ ಕರೆದೊಯ್ದು, ಕ್ಯಾಮೆರಾಕ್ಕೆ ಕೆಂಪು ಹಾಳೆ ಕಟ್ಟಿ ತೆಗೆದ.

ಫೋಟೋ ತೊಳೆದು ಒಣಗಿಸಿದ ದಿನ ಅವನ ಕಾಲು ಮೊದಲ ಬಾರಿಗೆ ಸುಮ್ಮನಿತ್ತು. ಆಕಾಶ ಕಪ್ಪಾಗಿ, ಅದರ ಮೇಲೆ ಮೋಡಗಳು ಹತ್ತಿಯ ರಾಶಿಯಂತೆ ಎದ್ದಿದ್ದವು. ಚಾಂದ್‌ಬೀಯೂ ಹೊಗಳಿದಳು. ಅವಳ ಮನೆಯಲ್ಲಿ ಯಾರೂ ಹಣೆಗೆ ಕುಂಕುಮ ಇಟ್ಟುಕೊಳ್ಳುವವರಲ್ಲ. ತನ್ನ ಹಣೆಯಲ್ಲಿಲ್ಲದ್ದನ್ನು ಇನ್ನೊಬ್ಬರ ಹಣೆಯಲ್ಲಿ ಹುಡುಕುವ ರೂಢಿ ಅವಳಿಗಿರಲಿಲ್ಲ. ಅವನಿಗಂತೂ ಫೋಟೋದಲ್ಲಿ ಮೋಡ ಬಿಟ್ಟು ಬೇರೇನೂ ಕಂಡಿರಲಿಲ್ಲ.

ಸಂತೆಯ ದಿನ ದ್ಯಾವಪ್ಪನ ತಾಯಿ ಪಾರ್ವತೆಮ್ಮ ಫೋಟೋ ಹಿಡಿದು ಸ್ಟುಡಿಯೋಕ್ಕೆ ಬಂದಳು. ಹಿಂದೆ ತಲೆ ತಗ್ಗಿಸಿಕೊಂಡು ಗದ್ದೆಮ್ಮ. ಮುದುಕಿ ಫೋಟೋವನ್ನು ಕಟ್ಟೆಯ ಮೇಲಿಟ್ಟು, ಸೊಸೆಯ ಹಣೆ ಇದ್ದಲ್ಲಿ ಬೆರಳಿಟ್ಟಳು. ಕಾಸಿನಗಲದ ಕುಂಕುಮ ಇಡುವವಳ ಹಣೆ ಅಲ್ಲಿ ಬರಿದಾಗಿತ್ತು.

ಕುಂಕುಮ ಇತ್ತು, ತಾನೇ ನೋಡಿದ್ದೇನೆ ಎಂದು ಜಿಲಾನಿಸಾಬ್ ಆಣೆ ಮಾಡಿದ. ಫೋಟೋ ಯಾಕೆ ಹೀಗಾಯಿತೆಂದು ಅವನಿಗೇ ಗೊತ್ತಿರಲಿಲ್ಲ. ಕುಂಚ ತಂದು ಮಸಿಯಿಂದ ಒಂದು ಬೊಟ್ಟು ಇಟ್ಟುಕೊಡುತ್ತೇನೆ ಎಂದ. ಕೆಲಸ ಕೆಟ್ಟದ್ದೇ ಆಗ.

"ಹೋದ ಕುಂಕುಮ ಮಸಿಯಿಂದ ಬರ್ತದೇನೋ? ನನ್ನ ಹಣಿ ನೋಡು. ದ್ಯಾವಪ್ಪನ ಅಪ್ಪ ಹೊಲದಾಗ ಹಾವು ಮುಟ್ಟಿ ಹೋದಾಗ ಒರಸೀದು, ಯಾರರ ತಂದು ಇಟ್ಟರೇನು? ಇಕಿ ಅಳಿಸಿಕೊಂಡು ನಿಂತಿದ್ರೂ ಕೆಟ್ಟ, ತಾನಾ ಹೋಗಿದ್ರೂ ಕೆಟ್ಟ. ಅಂವ ಭೂಮಿ ಒಳಗ ಇಳಿಯಾಂವ. ಇಕಿನ್ನ ಹಟ್ಟಿಗೆ ಕಳಿಸಂಗಿಲ್ಲ. ತವರಿಗೆ ಬಿಟ್ಟು ಬರ್ತೀನಿ."

ಗದ್ದೆಮ್ಮ ಹೋಗುವಾಗ ಬಾಗಿಲಲ್ಲಿ ನಿಂತಿದ್ದ ಚಾಂದ್‌ಬೀಯ ಕಡೆ ತಿರುಗಿ ನೋಡಿದಳು, ಅಷ್ಟೇ.

ಆಮೇಲೆ ಮನೆಯಲ್ಲಿ ನೆಮ್ಮದಿ ಇರಲಿಲ್ಲ. ಜಿಲಾನಿಸಾಬ್ ಒಮ್ಮೆ ಫಿಲ್ಮ್ ರೋಲನ್ನು ಬಯ್ದ, ಒಮ್ಮೆ ತೊಳೆಯುವ ನೀರನ್ನು. ಗುಡ್ಡದ ತನಕ ಹೋಗಿ ಅರ್ಧ ದಾರಿಯಿಂದ ತಿರುಗಿ ಬಂದ. ಚಾಂದ್‌ಬೀಗೆ ಗದ್ದೆಮ್ಮನ ನೋಟ ಮರೆಯಲಾಗಲಿಲ್ಲ. ಒಲೆ ಹೊತ್ತಿಸುವುದು, ಆರಿಸುವುದು, ಏನು ಮಾಡಲು ಬಂದೆ ಎಂದು ಮರೆಯುವುದು.

ಒಂದು ಮುಂಜಾನೆ ಅವಳು ಅಂಗಳದಲ್ಲಿ ಕುಟ್ಟಿದ ಖಾರದ ಪುಡಿಯನ್ನು ಬಿಳಿ ಪಿಂಗಾಣಿ ತಟ್ಟೆಯಲ್ಲಿ ಬಿಸಿಲಿಗಿಟ್ಟಿದ್ದಳು. ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಲೆಂದು ಆ ಕೆಂಪು ಹಾಳೆಯನ್ನೇ ಎತ್ತಿ, ತೂತು ಬಿದ್ದಿದೆಯೋ ಎಂದು ಬೆಳಕಿಗೆ ಹಿಡಿದಳು. ಹಾಳೆ ಕೆಳಗಿಳಿಯುತ್ತ ಕಣ್ಣಿಗೆ ಅಡ್ಡ ಬಂತು. ತಟ್ಟೆ ಖಾಲಿ ಕಂಡಿತು. ಗಾಳಿಗೆ ಪುಡಿ ಹಾರಿತೆಂದು ಗಾಬರಿಯಾಗಿ ಹಾಳೆ ಸರಿಸಿದಳು. ಖಾರ ಇದ್ದಲ್ಲೇ ಇತ್ತು. ಮತ್ತೆ ಹಿಡಿದಳು, ಇರಲಿಲ್ಲ. ಅವಳು ಗಂಡನನ್ನು ಕೂಗಲಿಲ್ಲ. ಒಳಗೆ ಹೋಗಿ ಬುರ್ಖಾ ತೊಟ್ಟುಕೊಂಡು ಬಂದು, ಸಂತೆಕಲ್ಲೂರಿಗೆ ಹೋಗೋಣ ನಡೆಯಿರಿ ಎಂದಳು.

ಪಾರ್ವತೆಮ್ಮ ಜಿಲಾನಿಸಾಬನನ್ನು ಅಂಗಳ ದಾಟಗೊಡಲಿಲ್ಲ. ಅವನು ಎತ್ತು ಕಟ್ಟುವ ಗೂಟದ ಹತ್ತಿರ ನಿಂತು ನೆಲ ಕುಟ್ಟತೊಡಗಿದ. ಗದ್ದೆಮ್ಮನ ಬಟ್ಟೆಗಂಟು ಬಾಗಿಲ ಬಳಿ ಕಟ್ಟಿಟ್ಟಿತ್ತು. ಹಟ್ಟಿಗಲ್ಲ, ತವರಿಗೆ. ಚಾಂದ್‌ಬೀ ಅವಳನ್ನು ಬಿಸಿಲಿಗೆ ಕರೆದು ನಿಲ್ಲಿಸಿ, ಮುದುಕಿಯ ಕೈಗೆ ಹಾಳೆ ಕೊಟ್ಟಳು.

"ಯವ್ವಾ, ನನ್ನ ಮಾತು ನಂಬಬ್ಯಾಡ. ನಿನ್ನ ಕಣ್ಣು ನಂಬು. ಫೋಟೋ ಹೊಡದದ್ದು ಇದರಾಗಿಂದ. ನೀನೂ ಇದರಾಗಿಂದ ಸೊಸಿ ಹಣಿ ನೋಡು."

ಪಾರ್ವತೆಮ್ಮ ನೋಡಿದಳು. ಹಾಳೆ ಸರಿಸಿದಳು, ಮತ್ತೆ ಹಿಡಿದಳು. ಗದ್ದೆಮ್ಮನಿಗೆ ಹತ್ತಿರ ಬಾ ಎಂದಳು, ದೂರ ಹೋಗು ಎಂದಳು. ಕುಂಕುಮ ಹೋಗುತ್ತಿತ್ತು, ಬರುತ್ತಿತ್ತು. ಕೊನೆಗೆ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು.

"ತಿಳೀತು ಬೇ. ಹುಡುಗೀದು ತಪ್ಪಿಲ್ಲ. ಆದ್ರ ಆ ಬರೀ ಹಣಿ ಫೋಟೋ ಈ ಭೂಮಿ ಮ್ಯಾಲ ಇರಬಾರದು. ಅದರ ತಾಯಿ ಐತೆಲ್ಲ, ಕರೇದು, ಅದೂ ಇರಬಾರದು. ಅದು ಹೋದ್ರ ಇಕಿ ಹಟ್ಟಿಗೆ ಹೋಗ್ಲಿ."

ಕರೇದು ಎಂದರೆ ನೆಗೆಟಿವ್. ಜಿಲಾನಿಸಾಬನ ಅಂಗಿಯ ಕಿಸೆಯಲ್ಲೇ ಇತ್ತು, ಆ ವಾರವೆಲ್ಲ ಅದನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದ. ಅಷ್ಟು ವರ್ಷದಲ್ಲಿ ಅವನಿಗೆ ಸಿಕ್ಕ ಒಂದೇ ಮೋಡ ಅದು. ಚಾಂದ್‌ಬೀ ಅವನ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿದಳು. ಅವನ ಕಾಲು ನಿಂತಿತು. ಅಂಗಳ ದಾಟಿ ಬಂದ. ಈ ಸಲ ಮುದುಕಿ ತಡೆಯಲಿಲ್ಲ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಫೋಟೋವನ್ನೂ ನೆಗೆಟಿವನ್ನೂ ತಾನೇ ಕೆಂಡಕ್ಕೆ ಹಾಕಿದ. ನೆಗೆಟಿವ್ ಮುದುಡಿ, ಕೆಟ್ಟ ವಾಸನೆ ಬಿಟ್ಟು ಕರಗಿತು.

ತಿರುಗಿ ಬರುವಾಗ ಬಸ್ಸು ಮಸ್ಕಿ ಹತ್ತಿರ ಬಂದಾಗ ಅವನು, ಹಸಿರು ಹಾಳೆಯಲ್ಲಿ ಖಾರ ಹೇಗೆ ಕಂಡೀತು ಎಂದು ಕೇಳಿದ. ಮನೆಗೆ ಬಂದು ಒಂದು ಹಸಿರು ಹಾಳೆ ಹಿಡಿದು ನೋಡಿದರೆ ಕಪ್ಪಗೆ ಕಂಡಿತು. ದ್ಯಾವಪ್ಪ ರಜೆಯ ಮೇಲೆ ಬಂದಾಗ ಅದೇ ಹಸಿರು ಹಾಳೆ ಕಟ್ಟಿ, ಪಾರ್ವತೆಮ್ಮನ ಮನೆಯ ಬಾಗಿಲಲ್ಲೇ ಜೋಡಿಯ ಫೋಟೋ ತೆಗೆದ. ಆಕಾಶ ಅದರಲ್ಲಿ ಬೋಳು. ಗದ್ದೆಮ್ಮನ ಕುಂಕುಮ ಮಾತ್ರ ಕಾಡಿಗೆಯ ಬೊಟ್ಟಿನಷ್ಟು ಗಟ್ಟಿಯಾಗಿ ಬಂದಿತ್ತು. ಆ ಫೋಟೋದ ಜೊತೆಗೇ ಅವಳು ಹಟ್ಟಿಗೆ ಹೋದಳು.

ಈಗ 1997. ಬಣ್ಣದ ರೋಲು ಬಂದಿದೆ, ತೊಳೆಯಲು ಸಿಂಧನೂರಿಗೆ ಕಳಿಸಬೇಕು. ಜಿಲಾನಿಸಾಬ್ ಮಸ್ಕಿಯ ಅದೇ ಅಂಗಡಿಯಲ್ಲಿ ಮದುವೆ ಫೋಟೋ, ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಾನೆ. ಹೊಸ ಹಾಳೆ, ಗಾಜು ಏನೇ ಸಿಕ್ಕರೂ ಮೊದಲು ಅಡುಗೆಮನೆಗೆ ಬಂದು ಚಾಂದ್‌ಬೀಯ ಖಾರದ ಡಬ್ಬಿಯ ಮೇಲೆ ಹಿಡಿದು ನೋಡುತ್ತಾನೆ.